ಮನೆ ನಂಬರ್ ಮೂರು, ಇಂಪೀರಿಯಲ್ ಪಾಮ್ ಅವೆನ್ಯೂ

ಕಲ್ಲೇಶಪ್ಪ ಪತ್ರವನ್ನು ಮೂರನೇ ಸಲ ಓದತೊಡಗಿದರು. ಮೊದಲ ಸಲ ಮನಸ್ಸಿನಲ್ಲೇ ಓದಿಕೊಂಡಿದ್ದರು, ಎರಡನೇ ಸಲ ತುಟಿ ಅಲ್ಲಾಡಿಸಿಕೊಂಡು. ಈಗ ಅಂಗಡಿಯ ಮುಂದೆ ನಿಂತವರಿಗೆಲ್ಲ ಕೇಳಲಿ ಎಂದು ಗಂಟಲು ಸರಿಮಾಡಿಕೊಂಡರು.

"ಶ್ರೀಮತಿ ಸುಬ್ಬಿ ಕೋಂ ಮಾರಪ್ಪ, ಮನೆ ನಂಬರ್ ಮೂರು, ಇಂಪೀರಿಯಲ್ ಪಾಮ್ ಅವೆನ್ಯೂ, ಜಯಪುರ." ಅಲ್ಲಿಗೆ ನಿಲ್ಲಿಸಿ ಕನ್ನಡಕದ ಮೇಲಿಂದ ಮಾರಪ್ಪನನ್ನು ನೋಡಿದರು. "ಏನ್ ಮಾರಪ್ಪ, ವಿಳಾಸ ಕೇಳಿದ್ರೆ ನಿಮ್ಮನೆ ಗೇಟಲ್ಲಿ ವಾಚ್‌ಮನ್ ಸೆಲ್ಯೂಟ್ ಹೊಡೀಬೇಕು ಅನ್ಸುತ್ತಲ್ಲ ಮಾರಾಯ."

"ಮುಂದೆ ಓದಿ ಸಾವ್ಕಾರ್ರೆ. ಆಪರೇಷನ್ ಗಟ್ಟಿ ಆಯ್ತು ಅಂತ ಬರ್ದಿದಾರಾ?"

ಆಪರೇಷನ್ನಿನ ಸುದ್ದಿ ಅದರಲ್ಲಿ ಇರಲಿಲ್ಲ. ಸದರಿಯವರು ಬಡವರ ರೇಷನ್ ಕಾರ್ಡು ಹೊಂದಿದ್ದು, ಮಂಡಿಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡಿಸಿಕೊಳ್ಳಲು ಅರ್ಜಿ ಸಲ್ಲಿಸಿದ್ದು, ಆದರೆ ವಿಳಾಸವನ್ನು ಗಮನಿಸಲಾಗಿ ಸದರಿಯವರು ಉನ್ನತ ದರ್ಜೆಯ ಬಡಾವಣೆಯೊಂದರಲ್ಲಿ ವಾಸವಾಗಿರುವುದು ಮೇಲ್ನೋಟಕ್ಕೆ ಕಂಡುಬಂದಿರುವುದರಿಂದ, ಬರುವ ಗುರುವಾರ ಅಧಿಕಾರಿಯೊಬ್ಬರು ಸ್ಥಳಕ್ಕೆ ಬಂದು ಪರಿಶೀಲಿಸುವರೆಂದೂ, ಅನರ್ಹರೆಂದು ಕಂಡುಬಂದಲ್ಲಿ ಕಾರ್ಡು ರದ್ದಾಗುವುದೆಂದೂ ಇತ್ತು. ಒಂದೇ ವಾಕ್ಯ. ಕಲ್ಲೇಶಪ್ಪ ಅದನ್ನು ಓದಿ ಮುಗಿಸುವಾಗ ಎರಡು ಸಲ ಉಸಿರು ತೆಗೆದುಕೊಂಡರು.

ಮಾರಪ್ಪನಿಗೆ ಅರ್ಥವಾಗಿದ್ದು ಇಷ್ಟೇ: ಕಾರ್ಡು ಹೋದರೆ ಹೆಂಡತಿ ಸುಬ್ಬಿಯ ಕಾಲು ಹೋಯಿತು. ಎಡ ಮಂಡಿ ಸವೆದು ಎರಡು ವರ್ಷವಾಗಿತ್ತು. ಮೂವತ್ತು ವರ್ಷ ಕಾಫಿ ತೋಟದ ದಿಣ್ಣೆ ಹತ್ತಿ ಇಳಿದವಳು ಈಗ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದಳು. ಶಿವಮೊಗ್ಗದ ಆಸ್ಪತ್ರೆಯವರು ಮುಂದಿನ ತಿಂಗಳ ಹನ್ನೆರಡನೇ ತಾರೀಕು ಕೊಟ್ಟಿದ್ದರು, ಕಾರ್ಡು ಸರಿಯಿದ್ದರೆ ಎಂಬ ಮಾತಿನ ಜೊತೆಗೆ.

ಜಯಪುರ ಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಆ ಜಾಗದ ಹೆಸರು ದೊಡ್ಡಿ ಓಣಿ. ಹಿಂದೆ ಅಲ್ಲಿ ಸರ್ಕಾರದ ದನದ ದೊಡ್ಡಿ ಇತ್ತು. ಕಂಡವರ ಗದ್ದೆಗೆ ನುಗ್ಗಿದ ದನಗಳನ್ನು ಅಟ್ಟಿಕೊಂಡು ಬಂದು ಕೂಡಿಹಾಕುತ್ತಿದ್ದರು, ಒಡೆಯರು ದಂಡ ಕಟ್ಟಿ ಬಿಡಿಸಿಕೊಂಡು ಹೋಗುತ್ತಿದ್ದರು. ದೊಡ್ಡಿ ಬಿದ್ದುಹೋಗಿ ನಲವತ್ತು ವರ್ಷವಾದರೂ ಹೆಸರು ಬೀಳಲಿಲ್ಲ. ಓಣಿಯ ಬಾಯಲ್ಲಿ ಕಲ್ಲೇಶಪ್ಪನವರ ಕಿರಾಣಿ ಅಂಗಡಿ, ಅದರ ಮುಂದೆ ಚರಂಡಿ, ಆಮೇಲೆ ಒಂಬತ್ತು ಮನೆ, ಒಂದು ನಲ್ಲಿ, ಕೊನೆಯಲ್ಲಿ ಕಲ್ಲಿನ ಗೋಡೆ. ನಿಧಾನಕ್ಕೆ ನಡೆದರೂ ನಲವತ್ತು ಹೆಜ್ಜೆಗೆ ಮುಗಿಯುತ್ತದೆ.

ಇಂಥಾ ಓಣಿ ಅವೆನ್ಯೂ ಆದದ್ದು ಮಾರಪ್ಪನ ಕೈಯಿಂದಲೇ. ಹಿಂದಿನ ವರ್ಷ ಹರಿಹರಪುರದ ರಸ್ತೆಯಲ್ಲಿ ಯಾರೋ ಒಬ್ಬರು ಸೈಟು ಮಾಡಿ ಮಾರಲು ಹೊರಟಿದ್ದರು. ರಸ್ತೆ ಮಾಡುವ ಮೊದಲೇ ರಸ್ತೆಗಳಿಗೆಲ್ಲ ಹೆಸರಿಟ್ಟು ಬೋರ್ಡು ನೆಟ್ಟರು. ಹೆಸರಿಡುವುದರಲ್ಲೇ ಅವರ ಉತ್ಸಾಹ ಮುಗಿಯಿತೋ ಏನೋ, ರಸ್ತೆ ಬರಲಿಲ್ಲ, ಕೊಳ್ಳುವವರೂ ಬರಲಿಲ್ಲ, ಗಿಡಗಂಟಿ ಮಾತ್ರ ಬಂತು. ಅದನ್ನು ಸವರಲು ಹೋದವರಲ್ಲಿ ಮಾರಪ್ಪನೂ ಒಬ್ಬ. ಕೊನೆಯ ದಿನ ಅಲ್ಲಿನ ಮೇಸ್ತ್ರಿ, ಇನ್ನು ಇಲ್ಲಿ ಯಾರೂ ಬರುವುದಿಲ್ಲ, ಬೇಕಾದ್ದು ತಗೊಂಡು ಹೋಗಿ ಎಂದ. ಉಳಿದವರು ಬಿದಿರು, ಹಗ್ಗ, ಟಾರ್ಪಾಲು ಎತ್ತಿಕೊಂಡರು. ಮಾರಪ್ಪ ಬೋರ್ಡುಗಳನ್ನು ಒಂದೊಂದಾಗಿ ಬೆರಳಗೆಣ್ಣಿನಿಂದ ತಟ್ಟಿ ನೋಡಿದ. ರೋಸ್‌ವುಡ್ ಕ್ರೆಸೆಂಟ್ ಎಂಬುದು ತೀರ ತೆಳುವಾಗಿತ್ತು. ಲೇಕ್ ವ್ಯೂ ಡ್ರೈವ್ ತುಕ್ಕು ಹಿಡಿದಿತ್ತು. ಇಂಪೀರಿಯಲ್ ಪಾಮ್ ಅವೆನ್ಯೂ ಮಾತ್ರ ಗಟ್ಟಿ ತಗಡು, ಆಳೆತ್ತರ, ಎರಡು ಕಬ್ಬಿಣದ ಕಾಲು ಬೇರೆ.

ಅವನಿಗೆ ಬೇಕಾಗಿದ್ದದ್ದು ತಡೆ. ಪೇಟೆಯಲ್ಲಿ ತಿರುಗುವ ದನಗಳು ಓಣಿಗೆ ನುಗ್ಗಿ ಸುಬ್ಬಿಯ ಹರಿವೆ ಸೊಪ್ಪಿನ ಮಡಿ, ಬಸಳೆ ಚಪ್ಪರ ಎಲ್ಲ ಬೋಳಿಸುತ್ತಿದ್ದವು. ಓಣಿಯ ಬಾಯಿಗೆ ಅರ್ಧ ಅಡ್ಡವಾಗಿ ಬೋರ್ಡು ನೆಟ್ಟು, ಉಳಿದರ್ಧಕ್ಕೆ ಒಂದು ಬಿದಿರಿನ ಗಳು ಅಡ್ಡ ಹಾಕಿದ. ಬೋರ್ಡಿನ ಹಿಂಭಾಗದಲ್ಲಿ ಕಬ್ಬಿಣದ ಪಟ್ಟಿಗಳ ಮೊನೆ ಹೊರಗೆ ಚಾಚಿಕೊಂಡಿತ್ತು. ಮೈ ಉಜ್ಜಲು ಬಂದ ದನಕ್ಕೆ ತಾಗಿ ಗಾಯವಾಗಬಾರದೆಂದು ಆ ಬದಿಯನ್ನು ಒಳಗೆ ಮಾಡಿದ. ಹಾಗಾಗಿ ಅಕ್ಷರದ ಬದಿ ಪೇಟೆಗೆ ಮುಖ ಮಾಡಿತು. ಅಷ್ಟೇ ನಡೆದದ್ದು. ಪೇಟೆಯವರು ಅದನ್ನು ದಿನಾ ನೋಡಿದರು, ಓದುವ ಗೋಜಿಗೆ ಯಾರೂ ಹೋಗಲಿಲ್ಲ. ಎಲ್ಲರ ಬಾಯಲ್ಲೂ ಅದು ಮಾರಪ್ಪನ ತಗಡು.

ಓದಿದವಳು ಒಬ್ಬಳೇ, ಅರ್ಪಿತಾ. ನಾಲ್ಕನೇ ಮನೆಯ ಹೂವಿನ ಶಾಂತಕ್ಕನ ಮಗಳು. ಪೇಟೆಯ ಕಂಪ್ಯೂಟರ್ ಸೇವಾ ಕೇಂದ್ರದಲ್ಲಿ ಕೆಲಸ. ಶಾಲೆಯಿಂದ ಕಾಲೇಜು ಮುಗಿಯುವವರೆಗೂ ದೊಡ್ಡಿ ಓಣಿ ಎಂದಾಕ್ಷಣ "ಯಾರು ದಂಡ ಕಟ್ಟಿ ಬಿಡಿಸ್ಕೊಂಡ್ ಬಂದ್ರು ನಿನ್ನ?" ಎಂದು ಕೇಳಿಸಿಕೊಂಡವಳು. ರೇಷನ್ ಕಾರ್ಡಿನ ವಿವರಗಳನ್ನು ಹೊಸದಾಗಿ ತುಂಬಬೇಕೆಂದು ಸರ್ಕಾರ ಹೇಳಿದಾಗ ಓಣಿಯ ಒಂಬತ್ತೂ ಮನೆಯವರು ಅವಳ ಮುಂದೆಯೇ ಬಂದು ಹೆಬ್ಬೆರಳು ಒತ್ತಿದರು. ವಿಳಾಸದ ಜಾಗದಲ್ಲಿ ಅವಳು ಮನೆಗಳನ್ನು ಓಣಿಯ ಬಾಯಿಂದ ಎಣಿಸಿ ನಂಬರ್ ಹಾಕಿ, ಬೋರ್ಡಿನಲ್ಲಿದ್ದುದನ್ನೇ ಹೊಡೆದಳು.

"ಸುಳ್ಳಂತೂ ಬರ್ದಿಲ್ಲ ಮಾವ," ಎಂದಳು ಅರ್ಪಿತಾ ಆ ಸಂಜೆ ಮಾರಪ್ಪನ ಜಗಲಿಯಲ್ಲಿ ನಿಂತು. ಕಣ್ಣು ಕೆಂಪಾಗಿತ್ತು. "ಬೋರ್ಡಲ್ಲಿ ಇರೋದೇ ಬರ್ದಿದ್ದು. ಈಗ ಬದಲಾಯಿಸೋಣ ಅಂದ್ರೆ ತನಿಖೆ ಮುಗಿಯೋವರೆಗೆ ಕಂಪ್ಯೂಟರ್ ಬಿಡಲ್ಲ."

"ಅಳ್ಬೇಡ ಮಗಾ," ಎಂದ ಮಾರಪ್ಪ. ಅವನಿಗೆ ಅವಳ ಮೇಲೆ ಸಿಟ್ಟೇ ಬರಲಿಲ್ಲ. ನಿಜ ಹೇಳಬೇಕೆಂದರೆ, ಮನೆ ನಂಬರ್ ಮೂರು ಎಂದು ಕಲ್ಲೇಶಪ್ಪ ಓದಿದಾಗ ಎದೆಯೊಳಗೆ ಒಂದು ಕ್ಷಣ ಸಂತೋಷವಾಗಿತ್ತು. ಅರವತ್ತೆರಡು ವರ್ಷದಲ್ಲಿ ಅವನ ಮನೆಗೆ ಯಾರೂ ನಂಬರ್ ಕೊಟ್ಟಿರಲಿಲ್ಲ.

ಸುಬ್ಬಿಗೆ ಮಾತ್ರ ಸಿಟ್ಟು ಬಂದಿತ್ತು, ಅದೂ ಗಂಡನ ಮೇಲೆ. "ದನ ತಡೀಲಿಕ್ಕೆ ನಾಲ್ಕು ಗಳು ಸಾಕಾಗಿತ್ತು. ಇವ್ರಿಗೆ ಇಂಗ್ಲೀಷ್ ತಗಡೇ ಬೇಕಾಯ್ತು. ಹರಿವೆ ಉಳೀತು, ನನ್ನ ಕಾಲು ಹೋಯ್ತು."

"ನಾ ಓದಿ ತಂದಿದ್ದಾ ಮಾರಾಯ್ತಿ? ತಟ್ಟಿ ನೋಡಿ ತಂದಿದ್ದು."

ಬುಧವಾರ ಕಲ್ಲೇಶಪ್ಪ ತಾವೇ ಓಣಿಗೆ ಬಂದು ಸಭೆ ಮಾಡಿದರು. ಬಾಳೆಹೊನ್ನೂರು ಕಡೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟು ಮೂವತ್ತು ವರ್ಷವಾದ ಅವರಿಗೆ ಓಣಿಯ ಸಮಸ್ಯೆಗಳನ್ನು ಬಗೆಹರಿಸುವುದೆಂದರೆ ಬಹಳ ಇಷ್ಟ. ಅವರು ಬಗೆಹರಿಸಿದ ಮೇಲೆ ಸಮಸ್ಯೆ ಎರಡಾದ ಉದಾಹರಣೆಗಳೂ ಇದ್ದವು. ಈ ಸಲ ಅವರಿಗೂ ಒಂದು ಮುಜುಗರವಿತ್ತು. ಅರ್ಪಿತಾ ಓದಿ ಹೇಳಿದ್ದ ತಗಡಿನ ಹೆಸರು ಚೆನ್ನಾಗಿದೆಯೆಂದು ಎರಡು ತಿಂಗಳ ಹಿಂದಷ್ಟೇ ತಮ್ಮ ಅಂಗಡಿಗೂ ಇಂಪೀರಿಯಲ್ ಪ್ರಾವಿಜನ್ ಸ್ಟೋರ್ಸ್ ಎಂದು ಬಣ್ಣ ಹೊಡೆಸಿದ್ದರು.

"ನೋಡ್ರಪ್ಪ, ನಾನು ಯೋಚ್ನೆ ಮಾಡಿದೀನಿ. ಅವ್ರ ತಕರಾರು ಎಂತ? ಮಾರಪ್ಪ ಅವೆನ್ಯೂನಲ್ಲಿ ಇದಾನೆ ಅಂತ. ಹೌದಾ? ಅವೆನ್ಯೂನೇ ಇಲ್ಲ ಅಂದ್ರೆ ಮಾರಪ್ಪ ಅದ್ರಲ್ಲಿರೋದು ಹ್ಯಾಗೆ? ಬೋರ್ಡು ತೆಗೀರಿ. ಯಾರು ಬಂದು ಕೇಳಿದ್ರೂ ಅಂಥದ್ದು ಇಲ್ಲಿಲ್ಲ ಅನ್ನಿ. ಬಂದವ್ರು ಪೆಚ್ಚಾಗಿ ವಾಪಸ್ ಹೋಗ್ತಾರೆ, ಕಾರ್ಡು ಹಂಗೇ ಉಳಿಯುತ್ತೆ."

ಅದರಲ್ಲಿ ತಪ್ಪು ಯಾರಿಗೂ ಕಾಣಲಿಲ್ಲ. ಸಂಜೆಯೇ ಮಾರಪ್ಪ ಬೋರ್ಡು ಕಿತ್ತು, ಎಲ್ಲಿಡುವುದೆಂದು ತಿಳಿಯದೆ, ಅಂಗಡಿ ಮುಂದಿನ ಚರಂಡಿಗೆ ಅಡ್ಡವಾಗಿ ಅಕ್ಷರ ಕೆಳಗೆ ಮಾಡಿ ಹಾಕಿದ. ಮೊನೆಗಳನ್ನು ಸುತ್ತಿಗೆಯಿಂದ ಹೊಡೆದು ಮಡಚಿದ. ದಾಟಲು ಒಳ್ಳೆಯ ಸಂಕವಾಯಿತು. ಕಲ್ಲೇಶಪ್ಪ ತಮ್ಮ ಅಂಗಡಿಯ ಹೆಸರಿನ ಮೇಲೆ ಟಾರ್ಪಾಲು ಇಳಿಬಿಟ್ಟರು. ಮಾತು ಪೇಟೆಯಲ್ಲೆಲ್ಲ ಹಬ್ಬಿತು: ಸುಬ್ಬಕ್ಕನ ಕಾಲಿನ ವಿಷಯ, ಯಾರೂ ಬಾಯಿ ಬಿಡಬಾರದು.

ಬಡತನ ಕಾಣಿಸಬೇಕಾದ ಬಗ್ಗೆಯೂ ಓಣಿಯವರು ಸಲಹೆ ಕೊಟ್ಟರು. ಮಿಕ್ಸಿಯನ್ನು ಶಾಂತಕ್ಕನ ಮನೆಯಲ್ಲಿಡಬೇಕು, ಗೋಡೆಯ ಗಡಿಯಾರ ಇಳಿಸಬೇಕು, ಎರಡು ಹಳೇ ಗೋಣಿ ಬಾಗಿಲಲ್ಲಿ ಬಿಸಾಡಬೇಕು, ಸುಬ್ಬಿ ಹರಿದ ಸೀರೆ ಉಡಬೇಕು. ಸುಬ್ಬಿ ಎಲ್ಲವನ್ನೂ ಕೇಳಿಸಿಕೊಂಡಳು. ಗುರುವಾರ ಬೆಳಗ್ಗೆ ಗೋಡೆ ಹಿಡಿದುಕೊಂಡೇ ಮನೆಯಿಡೀ ಗುಡಿಸಿ, ಅಂಗಳಕ್ಕೆ ಸಗಣಿ ಹಾಕಿಸಿ, ರಂಗೋಲಿ ಎಳೆದು, ತಮ್ಮನ ಮಗಳ ಮದುವೆಯಲ್ಲಿ ಕೊಟ್ಟ ಹಸಿರಂಚಿನ ಸೀರೆ ಉಟ್ಟು ಕೂತಳು.

ಮಾರಪ್ಪನಿಗೆ ಜೀವ ಹೋದಂತಾಯಿತು. "ಎಂತ ಇದು? ಮದುವೆಗೆ ಹೊರಟ ಹಾಗೆ ಕೂತಿದೀಯಲ್ಲ?"

"ಆಫೀಸಿನ ಹೆಂಗಸು ಬರ್ತಾಳಂತೆ. ಬಂದವರ ಎದುರು ಹರಕಲಲ್ಲಿ ಕೂರಲಾ? ಬಡವ್ರು ಅಂದ್ರೆ ಕೊಳಕರು ಅಂತ ಯಾರು ಹೇಳಿದ್ದು ನಿಮಗೆ?"

ಮಾರಪ್ಪ ಗೋಣಿಯನ್ನು ಎತ್ತಿ ಒಳಗಿಟ್ಟ. ಅವಳು ಹೇಳಿದ್ದು ಸರಿಯೆಂದು ಅವನಿಗೂ ಅನ್ನಿಸಿತು. ಹೆದರಿಕೆ ಮಾತ್ರ ಕಮ್ಮಿಯಾಗಲಿಲ್ಲ.

ಅಧಿಕಾರಿ ಶಾಲಿನಿ ಹನ್ನೊಂದರ ಬಸ್ಸಿಗೆ ಕೊಪ್ಪದಿಂದ ಬಂದಿಳಿದಳು. ಮೂವತ್ತರ ಆಸುಪಾಸಿನ ಹೆಂಗಸು. ಹೆಗಲಲ್ಲಿ ಚೀಲ, ಕೈಯಲ್ಲಿ ಫೈಲು. ಬಸ್‌ಸ್ಟ್ಯಾಂಡಿನ ಹಣ್ಣಿನ ಅಂಗಡಿಯಲ್ಲಿ ಕೇಳಿದಳು. ಇಂಪೀರಿಯಲ್ ಪಾಮ್ ಅವೆನ್ಯೂ? ಅಂಥದ್ದು ಇಲ್ಲಿಲ್ಲ ಮೇಡಂ. ದರ್ಜಿಯನ್ನು ಕೇಳಿದಳು. ಇಲ್ಲಿಲ್ಲ ಮೇಡಂ. ಆಟೋ ಸ್ಟ್ಯಾಂಡಿನಲ್ಲಿ ನಾಲ್ವರು ಒಟ್ಟಿಗೆ ಇಲ್ಲ ಎಂದರು, ಅದರಲ್ಲಿ ಒಬ್ಬ ಅವಳು ಕೇಳುವ ಮೊದಲೇ ಹೇಳಿಬಿಟ್ಟ. ಹೂ ಕಟ್ಟುತ್ತಿದ್ದ ಶಾಂತಕ್ಕ ತಲೆ ಎತ್ತದೆ, "ನಾವು ಹುಟ್ಟಿದಾಗಿಂದ ಕೇಳೇ ಇಲ್ಲ," ಎಂದಳು. ಜಯಪುರದ ಪೇಟೆಯವರು ಯಾವ ವಿಷಯಕ್ಕಾದರೂ ಹೀಗೆ ಒಂದೇ ಮಾತು ಹೇಳಿದ್ದು ಅದೇ ಮೊದಲು. ಬಿಸಿಲಲ್ಲಿ ಒಂದು ಗಂಟೆ ತಿರುಗಿ, ಕೊನೆಗೆ ಶಾಲಿನಿ ಟಾರ್ಪಾಲು ಇಳಿಬಿಟ್ಟ ಕಿರಾಣಿ ಅಂಗಡಿಯ ಮುಂದೆ, ಚರಂಡಿಯ ಸಂಕದ ಮೇಲೆ ಬಂದು ನಿಂತಳು.

"ಇಂಪೀರಿಯಲ್ ಪಾಮ್ ಅವೆನ್ಯೂ ಅಂತ..."

"ಇಲ್ಲ ಮೇಡಂ," ಎಂದರು ಕಲ್ಲೇಶಪ್ಪ, ಬಹಳ ಮರ್ಯಾದೆಯಿಂದ. "ಮೂವತ್ತು ವರ್ಷದಿಂದ ಇಲ್ಲಿದೀನಿ. ಅಂಥ ಜಾಗ ಈ ಊರಲ್ಲೇ ಇಲ್ಲ. ಬಿಸಿಲು ಜೋರಿದೆ, ಒಂದು ನಿಂಬೆ ಸೋಡ ಕುಡೀರಿ."

ಎರಡು ಹೆಜ್ಜೆ ಆಚೆ ಗಳುವಿನ ಹತ್ತಿರ ಮಾರಪ್ಪ ನಿಂತಿದ್ದ. ಉಪಾಯ ಫಲಿಸುತ್ತಿರುವಂತೆ ಕಂಡಿತು.

ಶಾಲಿನಿ ಸೋಡ ಮುಟ್ಟದೆ ಫೈಲು ಬಿಚ್ಚಿ ಪೆನ್ನು ತೆಗೆದಳು. "ಸರಿ ಹಾಗಾದ್ರೆ. ನನ್ನ ಕೆಲಸ ಸುಲಭ ಆಯ್ತು. ಅಡ್ರೆಸ್ಸೇ ಇಲ್ಲ, ಬೋಗಸ್ ಕಾರ್ಡು ಅಂತ ಬರ್ಕೊಂಡು ಹೋಗ್ತೀನಿ. ಇವತ್ತೇ ರದ್ದಾಗುತ್ತೆ."

ಕಲ್ಲೇಶಪ್ಪನವರ ಕೈಯಲ್ಲಿದ್ದ ಸೋಡ ಅರ್ಧದಲ್ಲೇ ನಿಂತಿತು. ಅವರು ಮಾರಪ್ಪನನ್ನು ನೋಡಿದರು, ಮಾರಪ್ಪ ಅವರನ್ನು ನೋಡಿದ. ಓಣಿಯ ಸಭೆಯಲ್ಲಿ ಈ ದಾರಿಯನ್ನು ಯಾರೂ ಯೋಚಿಸಿರಲಿಲ್ಲ.

"ಇದೆ ಮೇಡಂ," ಎಂದ ಮಾರಪ್ಪ.

"ಏನಿದೆ?"

"ಅವೆನ್ಯೂ."

"ಎಲ್ಲಿ?"

"ನೀವು ನಿಂತಿದೀರಲ್ಲ, ಅದ್ರ ಮೇಲೇ."

ಶಾಲಿನಿ ಕಾಲ ಕೆಳಗೆ ನೋಡಿಕೊಂಡಳು. ಮಾರಪ್ಪ ಅವಳಿಗೆ ಪಕ್ಕಕ್ಕೆ ಸರಿಯುವಂತೆ ಕೈಸನ್ನೆ ಮಾಡಿ, ಬಗ್ಗಿ, ತಗಡಿನ ಅಂಚಿಗೆ ಎರಡೂ ಕೈ ಹಾಕಿ ಎತ್ತಿದ. ಚರಂಡಿಯ ಕೊಚ್ಚೆ ಸೋರಿತು. ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದ. ಮೊದಲು ಪಾಮ್ ಕಾಣಿಸಿತು, ಆಮೇಲೆ ಇಂಪೀರಿಯಲ್, ಕೊನೆಗೆ ಅವೆನ್ಯೂ. ಕಲ್ಲೇಶಪ್ಪ ಇನ್ನು ಅಡಗಿಸುವುದರಲ್ಲಿ ಅರ್ಥವಿಲ್ಲವೆಂದು ತಮ್ಮ ಟಾರ್ಪಾಲನ್ನೂ ಮೇಲೆತ್ತಿದರು.

ಶಾಲಿನಿ ಎರಡೂ ಬೋರ್ಡುಗಳನ್ನು ಓದಿದಳು. ನಗು ಬಂದದ್ದನ್ನು ಕೆಮ್ಮಿನಲ್ಲಿ ಕಳೆದಳು. "ಇದನ್ನ ಯಾಕೆ ಮಗುಚಿ ಹಾಕಿದೀರಿ?"

"ತಪ್ಪಾಯ್ತು ಮೇಡಂ." ಮಾರಪ್ಪ ತಗಡನ್ನು ಅಂಗಡಿಯ ಗೋಡೆಗೆ ಒರಗಿಸಿದ. ದನ, ಹರಿವೆ, ತಗಡು ತಟ್ಟಿ ನೋಡಿದ್ದು, ಮೊನೆ ತಾಗದಿರಲೆಂದು ತಿರುಗಿಸಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅರ್ಪಿತಾಳ ಹೆಸರು ಮಾತ್ರ ಹೇಳಲಿಲ್ಲ. "ಬರ್ಸಿದ್ದು ನಾನೇ. ಹೆಸ್ರಿನ ಅರ್ಥ ಗೊತ್ತಿರ್ಲಿಲ್ಲ. ನನಗೆ ಏನು ಬೇಕಾದ್ರೂ ಮಾಡಿ. ಕಾರ್ಡು ತೆಗೀಬೇಡಿ. ಅವಳಿಗೆ ನಡೀಲಿಕ್ಕೆ ಆಗಲ್ಲ ಮೇಡಂ."

"ನಡೀರಿ, ನೋಡೋಣ," ಎಂದಳು ಶಾಲಿನಿ.

ಅವಳ ಹಿಂದೆ ಅವೆನ್ಯೂ ಪೂರ್ತಿ ಹೊರಟಿತು. ನಲ್ಲಿಯ ಹತ್ತಿರ ಶಾಲಿನಿ ನಿಂತು, "ಪಾಮ್ ಅಂತಿದೆಯಲ್ಲ, ಮರ ಎಲ್ಲಿ?" ಎಂದು ಕೇಳಿದಳು. ಕಲ್ಲೇಶಪ್ಪ ಗೋಡೆಯ ಆಚೆಗಿದ್ದ ತಾಳೆ ಜಾತಿಯದೇ ಆದ ಒಂದು ಒಣಕಲು ಬಗನೆ ಮರವನ್ನು ತೋರಿಸಿದರು. ಅದು ಬೇರೆಯವರ ಹಿತ್ತಿಲಿನದು, ನೆರಳು ಮಾತ್ರ ಮಧ್ಯಾಹ್ನದ ಮೇಲೆ ಇತ್ತ ಬರುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ತಿಳಿಸಿದರು. ಶಾಲಿನಿ ಏನೋ ಬರೆದುಕೊಂಡಳು.

ಸುಬ್ಬಿ ಜಗಲಿಯಲ್ಲಿ ಹಸಿರಂಚಿನ ಸೀರೆಯಲ್ಲಿ ಕೂತಿದ್ದಳು. ಚಾಪೆ ಹಾಸಿತ್ತು, ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. ಶಾಲಿನಿ ನೀರು ಕುಡಿದು, ಫೈಲಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳತೊಡಗಿದಳು.

"ನಾಲ್ಕು ಚಕ್ರದ ಗಾಡಿ ಇದೆಯಾ?"

"ಒಂದು ಕೈಗಾಡಿ ಇತ್ತು," ಎಂದಳು ಸುಬ್ಬಿ. "ಅದಕ್ಕೆ ಎರಡೇ ಚಕ್ರ. ಒಂದು ಮುರೀತು."

"ಎ.ಸಿ. ಇದೆಯಾ? ಗಾಳಿ ತಣ್ಣಗೆ ಮಾಡೋದು?"

"ಎರಡು ಹಂಚು ಒಡೆದಿದೆ. ಅಲ್ಲಿಂದ ಬರ್ತದೆ."

"ಎಷ್ಟು ರೂಮಿದೆ?"

"ಇದು ಕೂರೋದು, ಅದು ಬೇಯ್ಸೋದು. ಮಲಗುವಾಗ ಇದೇ ಮಲಗೋದಾಗ್ತದೆ."

ಬಾಗಿಲ ಹೊರಗೆ ನಿಂತ ಕಲ್ಲೇಶಪ್ಪ ಪ್ರತಿ ಉತ್ತರಕ್ಕೂ ತಲೆಯಾಡಿಸಿ ಸಾಕ್ಷಿ ಹೇಳುತ್ತಿದ್ದರು. ಮಾರಪ್ಪನ ಕಣ್ಣು ಮಾತ್ರ ಹೆಂಡತಿಯ ಸೀರೆಯ ಮೇಲೇ ಇತ್ತು. ಹಸಿರಂಚು ಬಿಸಿಲಿಗೆ ಹೊಳೆಯುತ್ತಿತ್ತು, ಎಂದೂ ಇಲ್ಲದಷ್ಟು. ಶಾಲಿನಿಯೂ ಅದನ್ನು ನೋಡಿದಳು.

"ಒಳ್ಳೇ ಸೀರೆ," ಎಂದಳು.

"ನನ್ನ ತಮ್ಮ ಕೊಟ್ಟಿದ್ದು. ಇದೊಂದೇ ಇರೋದು," ಎಂದಳು ಸುಬ್ಬಿ. "ನೀವು ಬರ್ತೀರಿ ಅಂತ ಉಟ್ಟೆ. ನಮ್ಮನೆಗೆ ಆಫೀಸಿಂದ ಇದುವರೆಗೆ ಯಾರೂ ಬಂದಿಲ್ಲ. ಕಾಫಿ ಮಾಡ್ತೀನಿ, ಕುಡೀದೆ ಹೋಗಬಾರ್ದು."

ಹಾಗೆಂದು ಅವಳು ಏಳಲು ಹೊರಟಳು. ಬಲಗೈಯನ್ನು ನೆಲಕ್ಕೂರಿ, ಎಡಗೈಯಿಂದ ಕಂಬ ಹಿಡಿದು, ಮೊದಲು ಬಲ ಕಾಲು ಮಡಚಿ, ತುಟಿ ಕಚ್ಚಿ, ಅರ್ಧ ಎದ್ದು, ಅಲ್ಲೇ ಸ್ವಲ್ಪ ಹೊತ್ತು ನಿಂತು, ಮತ್ತೆ ಪೂರ್ತಿ ಎದ್ದಳು. ಮಾರಪ್ಪ ಕೈ ಕೊಡಲು ಹೋದರೆ ಕಣ್ಣಲ್ಲೇ ಬೇಡವೆಂದಳು. ಶಾಲಿನಿಯ ಪೆನ್ನು ನಿಂತಿತ್ತು. ಅಡುಗೆಯ ಕಡೆಯಿಂದ ಪಾತ್ರೆಯ ಸದ್ದು ಕೇಳಿದ ಮೇಲೆ ಅವಳು ಫೈಲಿನ ಮೇಲೆ ಬಗ್ಗಿ ಬಹಳ ಹೊತ್ತು ಬರೆದಳು.

ಕಾಫಿ ಬಂತು. ಬೆಲ್ಲದ ಕಾಫಿ, ಲೋಟದ ತುಂಬ. ಶಾಲಿನಿ ಕೊನೆಯ ಗುಟುಕಿನವರೆಗೂ ಕುಡಿದಳು.

"ಕಾರ್ಡು ಎಲ್ಲೂ ಹೋಗಲ್ಲ," ಎಂದಳು ಲೋಟ ಕೆಳಗಿಟ್ಟು. "ಆದ್ರೆ ಒಂದು ಮಾತು. ಆಪರೇಷನ್ ಮುಗಿಯೋವರೆಗೆ ಈ ಅಡ್ರೆಸ್ ಬದಲಾಯಿಸ್ಬೇಡಿ. ಕಾರ್ಡಲ್ಲಿ ಒಂದು, ಆಸ್ಪತ್ರೆ ಕಾಗದದಲ್ಲಿ ಇನ್ನೊಂದು ಆದ್ರೆ ಮತ್ತೆ ಆರು ತಿಂಗಳು ಹಿಂದೆ ಬೀಳ್ತೀರಿ. ಅಲ್ಲಿ ಕೌಂಟರಿನಲ್ಲಿ ಪೇಷೆಂಟ್ ಹತ್ರನೇ ಕೇಳ್ತಾರೆ. ಕಾರ್ಡಲ್ಲಿರೋ ಹಾಗೇ ಹೇಳ್ಬೇಕು. ಗೊತ್ತಾಯ್ತಾ ಅಮ್ಮ?"

"ನಾನಾ?" ಎಂದಳು ಸುಬ್ಬಿ.

"ನೀವೇ."

ಶಾಲಿನಿಯನ್ನು ಬಸ್ಸು ಹತ್ತಿಸಲು ಓಣಿಯ ಅರ್ಧ ಜನ ಹೋದರು. ಆಟೋದವನೊಬ್ಬ ಬಂದು, ಅವೆನ್ಯೂ ಇದ್ದದ್ದು ತನಗೆ ಈಗಷ್ಟೇ ನೆನಪಾಯಿತೆಂದು ಹೇಳಿ ಕ್ಷಮೆ ಕೇಳಿದ. ಸಂಜೆ ಮಾರಪ್ಪ ತಗಡನ್ನು ತೊಳೆದು ಮತ್ತೆ ನೆಟ್ಟ. ಈ ಸಲ ಸ್ವಲ್ಪ ನೇರವಾಗಿ ನೆಟ್ಟ.

ಹೆಸರು ಕಲಿಸುವ ಕೆಲಸ ಅರ್ಪಿತಾಳ ಪಾಲಿಗೆ ಬಂತು. ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಜಗಲಿಯಲ್ಲಿ ಕೂತು ಹೇಳಿಸುತ್ತಿದ್ದಳು. ಸುಬ್ಬಿಗೆ ಅದು ಮಹಾ ಬೇಸರದ ಸಂಗತಿ. "ದೊಡ್ಡಿ ಓಣಿ ಅನ್ನಲಿಕ್ಕೆ ಅರ್ಧ ಉಸಿರು ಸಾಕು. ಇದಕ್ಕೆ ಮಧ್ಯ ನೀರು ಕುಡೀಬೇಕು," ಎಂದು ಗೊಣಗುತ್ತಿದ್ದಳು. "ಇಂಪೀರಿಯಲ್ ಅಂದ್ರೆ ಎಂತ ಮಗಾ?"

"ಚಕ್ರವರ್ತಿಗೆ ಸೇರಿದ್ದು ಅತ್ತೆ."

"ಹಾಗಾದ್ರೆ ಅವನೇ ಬಂದು ಚರಂಡಿ ತೆಗೆಸ್ಲಿ."

ಆದರೂ ಕಲಿತಳು. ಹರಿವೆ ಕೊಯ್ಯುವಾಗ, ಅಕ್ಕಿ ಆರಿಸುವಾಗ, ಕೋಳಿಗೆ ಕಾಳು ಹಾಕುವಾಗ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಅವಳು ಹೇಳಿಕೊಳ್ಳುವುದನ್ನು ಒಳಗಿನಿಂದ ಕೇಳಿದರೆ ಮಾರಪ್ಪ ಸದ್ದು ಮಾಡುತ್ತಿರಲಿಲ್ಲ. ಕೇಳಿಸಿತೆಂದು ಗೊತ್ತಾದರೆ ನಿಲ್ಲಿಸಿಬಿಡುತ್ತಾಳೆಂದು ಅವನಿಗೆ ಗೊತ್ತಿತ್ತು.

ಹನ್ನೊಂದನೇ ತಾರೀಕು ಬೆಳಗ್ಗಿನ ಮೊದಲ ಬಸ್ಸಿಗೆ ಇಬ್ಬರೂ ಶಿವಮೊಗ್ಗಕ್ಕೆ ಹೊರಟರು. ದಾಖಲಾಗುವ ಕೌಂಟರಿನ ಮುಂದೆ ದೊಡ್ಡ ಸಾಲಿತ್ತು. ಸಾಲಿನಲ್ಲಿ ರೋಗಿಗಳೇ ನಿಲ್ಲಬೇಕೆಂದು ಬೋರ್ಡು ಹಾಕಿದ್ದರು. ಅಲ್ಲಿ ನಿಂತವರೆಲ್ಲ ಮಂಡಿ, ಸೊಂಟ, ಪಾದದ ನೋವಿನವರು. ಕೂರಲು ಒಂದು ಬೆಂಚೂ ಇರಲಿಲ್ಲ. ಗಾಜಿನ ಒಳಗೆ ಕೂತ ಗುಮಾಸ್ತ ತಲೆ ಎತ್ತದೆ ಕೂಗುತ್ತಿದ್ದ. ಹೆಸರು. ವಯಸ್ಸು. ವಿಳಾಸ. ಜೋರಾಗಿ ಹೇಳಬೇಕು, ಮುಂದಕ್ಕೆ ಬನ್ನಿ, ತಳ್ಳಬೇಡಿ. ಮಾರಪ್ಪ ಚೀಲ ಹಿಡಿದು ಗೋಡೆಯ ಬದಿಯಲ್ಲಿ ನಿಂತ. ಸುಬ್ಬಿ ಹಸಿರಂಚಿನ ಸೀರೆಯಲ್ಲಿ, ಕಬ್ಬಿಣದ ಸರಳು ಹಿಡಿದು, ಒಂದೂವರೆ ಗಂಟೆ ನಿಂತಳು. ಅವಳ ಮುಂದಿನ ಮುದುಕ ತನ್ನ ಊರಿನ ಹೆಸರನ್ನು ಎರಡು ಸಲ ಹೇಳಿ ಬೈಸಿಕೊಂಡ. ಮಾರಪ್ಪ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಅವಳು ಮರೆತರೆ, ದೊಡ್ಡಿ ಓಣಿ ಎಂದುಬಿಟ್ಟರೆ, ಆರು ತಿಂಗಳು.

"ಹೆಸರು."

"ಸುಬ್ಬಿ."

"ವಯಸ್ಸು."

"ಐವತ್ತೆಂಟು."

"ವಿಳಾಸ."

ಸುಬ್ಬಿ ಸರಳಿನ ಮೇಲಿನ ಕೈ ತೆಗೆದು ನೇರವಾಗಿ ನಿಂತಳು. ಕೌಂಟರಿನ ಆಚೆಗೂ ಕೇಳುವ ಹಾಗೆ, ಒಂದೊಂದು ಮಾತನ್ನೂ ಬಿಡಿಸಿ, ಅವಸರವಿಲ್ಲದೆ ಹೇಳಿದಳು.

"ಮನೆ ನಂಬರ್ ಮೂರು. ಇಂಪೀರಿಯಲ್ ಪಾಮ್ ಅವೆನ್ಯೂ. ಜಯಪುರ."

ಗುಮಾಸ್ತನ ಬೆರಳು ನಿಂತಿತು. ಬೆಳಗ್ಗಿನಿಂದ ಮೊದಲ ಬಾರಿಗೆ ಅವನು ತಲೆ ಎತ್ತಿದ. ಗಾಜಿನೊಳಗಿಂದ ಸುಬ್ಬಿಯನ್ನು ನೋಡಿ, ಕಂಪ್ಯೂಟರ್ ನೋಡಿ, ಮತ್ತೆ ಸುಬ್ಬಿಯನ್ನು ನೋಡಿದ.

"ಅಯ್ಯೋ, ನೀವ್ಯಾಕೆ ಮೇಡಂ ನಿಂತಿದೀರಿ? ಮೊದಲೇ ಹೇಳಬಾರದಿತ್ತಾ," ಎಂದು ಎದ್ದು, ಬಾಗಿಲು ತೆಗೆದು, ಒಳಗಿದ್ದ ಕುರ್ಚಿಯನ್ನು ತಾನೇ ಎತ್ತಿಕೊಂಡು ಬಂದು ಹಾಕಿದ. "ಕೂತ್ಕೊಳ್ಳಿ, ಕಾಗದ ಎಲ್ಲ ನಾನೇ ತಂದು ಕೊಡ್ತೀನಿ."

ಸುಬ್ಬಿ ಕೂತಳು. ಸಾಲಿನವರೆಲ್ಲ ನೋಡುತ್ತಿದ್ದರು. ಅವಳ ಹಿಂದೆಯೇ ನಿಂತಿದ್ದ ಒಬ್ಬ ಹೆಂಗಸು, ಸುಬ್ಬಿಯದೇ ವಯಸ್ಸಿನವಳು, ಊದಿದ ಕಾಲಿಗೆ ಬಟ್ಟೆ ಸುತ್ತಿಕೊಂಡವಳು, ಒಂದು ಹೆಜ್ಜೆ ಹತ್ತಿರ ಬಂದು ಬಗ್ಗಿದಳು.

"ಅಕ್ಕಾ," ಎಂದಳು ಪಿಸುಮಾತಿನಲ್ಲಿ. "ಅದು ಎಂತ ನೀವು ಹೇಳಿದ್ದು? ನನಗೂ ಒಂದ್ಸಲ ಹೇಳಿಕೊಡಿ."

ಸುಬ್ಬಿ ಅವಳ ಕಾಲನ್ನು ನೋಡಿದಳು. ಆಮೇಲೆ ಸೀರೆಯ ನೆರಿಗೆಯನ್ನು ಒಟ್ಟುಮಾಡಿಕೊಂಡು, ಕುರ್ಚಿಯ ಒಂದು ಅಂಚಿಗೆ ಸರಿದು, ಉಳಿದರ್ಧವನ್ನು ಅಂಗೈಯಿಂದ ಒರೆಸಿದಳು.